ಇಳಿಜಾರಿನಲ್ಲಷ್ಟೇ ನಿಲ್ಲುವ ಕಾರು

ನನ್ನ ಸೋದರಮಾವನಿಗೆ ಎದುರಿಗೆ 'ನೀವು' ಅನ್ನುತ್ತೇನೆ, ಮನಸ್ಸಿನಲ್ಲಿ 'ಅವನು'. ಈಗ ಅವನು ಎದುರಿಗಿಲ್ಲ, ಹಾಗಾಗಿ ಮನಸ್ಸಿನಲ್ಲಿರುವ ಹಾಗೆಯೇ ಬರೆಯುತ್ತೇನೆ. ಓದಿ ಉರಿದುಕೊಂಡರೆ ಉರಿದುಕೊಳ್ಳಲಿ.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಗುಡ್ಡದ ರಸ್ತೆಯಲ್ಲಿ ಒಂದು ಕೋಣೆ, ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಊರವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು. ಒಂದೊಂದರ ಅಡಿಯಲ್ಲೂ ಪೆನ್ಸಿಲಿನಲ್ಲಿ ಯಾರದೆಂದು ಬರೆದಿರುತ್ತಾನೆ. ಯಾರಾದರೂ ವಾದಕ್ಕೆ ನಿಂತರೆ, "ನಿಮ್ಮಪ್ಪನ ದವಡೆ ನನ್ನ ಹತ್ರ ಇದೆ. ಅವರೂ ಹೀಗೇ ಬಾಯಿ ದೊಡ್ಡದು ಮಾಡ್ತಿದ್ರು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಬೆನ್ನ ಹಿಂದೆ ಅವನನ್ನು ಎಲ್ಲರೂ ಕರೆಯುವುದೇ 'ದವಡೆ' ಎಂದು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಇರುವುದೊಂದು ಕಾರು.

ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಇಬ್ಬರಿಗಷ್ಟೇ ಜಾಗ, ಒಳಗೆ ಕೂತವರು ಏಳಬೇಕಾದರೆ ಯಾರಾದರೂ ಕೈ ಕೊಡಬೇಕು, ಅಷ್ಟು ಕುಳ್ಳು. ಅದರ ಸ್ಟಾರ್ಟರ್ ಕೆಟ್ಟು ಯಾವ ಕಾಲವಾಯಿತೋ. ಸರಿಮಾಡಿಸಿ ಅಂದವರಿಗೆ, "ಕಂಡಕಂಡೋರ ಕೈಗೆ ಇದನ್ನ ಕೊಡಲ್ಲ" ಎಂದು ಗದರಿಸುತ್ತಾನೆ. ಅದಕ್ಕೇ ಎಲ್ಲಿ ಹೋದರೂ ಇಳಿಜಾರು ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಾನೆ. ಹೊರಡುವಾಗ ಬ್ರೇಕ್ ಬಿಟ್ಟು ಉರುಳಿಸಿ, ಗೇರು ಹಾಕಿ, ಕ್ಲಚ್ ಬಿಟ್ಟರೆ ಎಂಜಿನ್ ಗುರ್ರೆನ್ನುತ್ತದೆ. ನೋಡಿದವರು ಇದೊಂದು ಸ್ಟೈಲು ಅಂದುಕೊಳ್ಳಬೇಕು ಎಂದು ಅವನ ಆಸೆ.

ಹೀಗಾಗಿ ಅವನ ಬಾಳೆಲ್ಲ ಇಳಿಜಾರಿಗೆ ಅಂಟಿಕೊಂಡಿತು. ಮನೆ ಇಳಿಜಾರಿನಲ್ಲಿ, ಕೆಲಸದ ಕೋಣೆ ಇಳಿಜಾರಿನಲ್ಲಿ, ಕ್ಷೌರ ಮಾಡಿಸಿಕೊಳ್ಳುವ ಅಂಗಡಿಯೂ ಇಳಿಜಾರಿನಲ್ಲಿ. ಏರುರಸ್ತೆಯಲ್ಲಿರುವ ನೆಂಟರು ಅವನ ಲೆಕ್ಕದಲ್ಲಿ ಒಳ್ಳೆಯವರು, ಮಟ್ಟಸ ರಸ್ತೆಯವರು ದುರಹಂಕಾರಿಗಳು.

ನಮ್ಮ ಬೀದಿ ಇಸ್ತ್ರಿ ಮೇಜಿನಷ್ಟು ಮಟ್ಟಸ.

ನಾನು ಚಿಕ್ಕವಳಿದ್ದಾಗ ಒಮ್ಮೆ ಕಾರಿನಲ್ಲಿ ನಮ್ಮ ಮನೆಗೆ ಬಂದಿದ್ದ. ಹೊರಡುವಾಗ ಕಾರು ಜಪ್ಪಯ್ಯ ಅನ್ನಲಿಲ್ಲ. ಅಪ್ಪ, ಪಕ್ಕದ ಮನೆಯವರು, ದಾರಿಹೋಕರು ಎಲ್ಲ ಸೇರಿ ತಳ್ಳಿದರು. ಹೊಲಿಗೆ ಕೆಲಸ ಮಾಡುತ್ತಿದ್ದ ಅಮ್ಮ ಮಿಷನ್ ಬಿಟ್ಟು ಎದ್ದು ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣಾ, ನನ್ನ ಮಿಷನ್ನು ತುಳಿದ್ರೆ ಓಡತ್ತೆ. ನಿಂದು ಊರೆಲ್ಲ ತಳ್ಳಿದ್ರೂ ಓಡಲ್ವಲ್ಲೋ!" ಬೀದಿಗೆ ಬೀದಿಯೇ ನಕ್ಕಿತು. ಕಡೆಗೆ ಬೀದಿಯ ತುದಿಯಲ್ಲಿ ಅಂತೂ ಕಾರು ಗುರ್ರೆಂದಿತು. ಅವತ್ತು ಹೋದವನು ಮತ್ತೆ ನಮ್ಮ ಹೊಸಲು ತುಳಿಯಲಿಲ್ಲ. ಅಪ್ಪ ತೀರಿಕೊಂಡಾಗ ಮನೆಗೆ ಬಾರದೆ ನೇರ ಸ್ಮಶಾನಕ್ಕೆ ಬಂದ. ಅದು ಗುಡ್ಡದ ಮೇಲಿದೆ ನೋಡಿ.

ಇಂಥ ಮನುಷ್ಯನ ಮುಖ ನೋಡದೆ ನಾನು ಸುಖವಾಗಿಯೇ ಇದ್ದೆ. ಆದರೆ ಅಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. ಮೈ ಇಳಿದು, ಮುಖ ಒಳಗೆ ಹೋಗಿ, ಬಾಯಲ್ಲಿದ್ದ ಹಲ್ಲಿನ ಸೆಟ್ಟು ಕಳಚಿ ಬೀಳತೊಡಗಿತು. ಹಿಂದೆ ಅಣ್ಣನೇ ಮಾಡಿಕೊಟ್ಟಿದ್ದ ಸೆಟ್ಟು ಅದು. ಅಗಿಯಲಾಗದೆ ಬರೀ ಗಂಜಿ ಕುಡಿಯುತ್ತಿದ್ದಳು. "ಗಟ್ಟಿ ಊಟ ಮಾಡದಿದ್ದರೆ ಉಸಿರಾಡೋದಕ್ಕೂ ಶಕ್ತಿ ಉಳಿಯಲ್ಲ" ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಬೇರೆ ಕಡೆ ಹಲ್ಲು ಮಾಡಿಸೋಣ ಅಂದರೆ ಕೇಳಬೇಕಲ್ಲ. "ನನ್ನ ಬಾಯಿಗೆ ಕೈ ಹಾಕೋದು ನಮ್ಮಣ್ಣ ಒಬ್ಬನೇ."

"ಹಾಗಾದ್ರೆ ನಡಿ, ಅಲ್ಲಿಗೇ ಕರ್ಕೊಂಡು ಹೋಗ್ತೀನಿ."

"ಸಿಟ್ಟು ಮಾಡ್ಕೊಂಡು ಹೋದೋನು ಅವನು. ಅವನೇ ಬರಲಿ."

ಅಣ್ಣ ತಂಗಿ ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ತೆಗೆದಿದ್ದಾರೆ. ಗಂಜಿಯ ಲೋಟವನ್ನು ಟಪ್ಪನೆ ಕುಕ್ಕಿ, ನಾನು ಗುಡ್ಡ ಹತ್ತಿದೆ.

ಅವನು ಮೇಣ ಕರಗಿಸುತ್ತಿದ್ದ. ತಲೆ ಎತ್ತದೆ, "ಏನು, ಬೇಕರಿ ವ್ಯಾನಿನ ಡ್ರೈವರಮ್ಮ?" ಅಂದ. ನನ್ನ ಕೆಲಸ ಅದೇ.

"ಅಮ್ಮ ಊಟ ಬಿಟ್ಟಿದ್ದಾಳೆ. ಬಂದು ಅಳತೆ ತಗೊಳ್ಳಿ."

"ಅವಳಿಗೆ ಕಾಲಿಲ್ವಾ?"

"ಕಾಲಿದೆ, ಉಸಿರಿಲ್ಲ. ನಿಮಗೆ ಎರಡೂ ಇದೆ, ಮನುಷ್ಯತ್ವ ಒಂದಿಲ್ಲ."

ಅವನ ಕಣ್ಣು ಕೆಂಪಗಾಯಿತು. "ನಿಮ್ಮ ಬೀದೀಲಿ ಕಾರು ನಿಲ್ಲಿಸೋಕೆ ಜಾಗ ಇಲ್ಲ."

"ಬೇಕಾದಷ್ಟು ಜಾಗ ಇದೆ. ಇಳಿಜಾರು ಇಲ್ಲ, ಅಷ್ಟೇ. ನನ್ನ ವ್ಯಾನು ತರ್ತೀನಿ, ಬನ್ನಿ."

"ಬ್ರೆಡ್ಡಿನ ಜತೆ ಕೂತ್ಕೊಂಡು ಬರೋ ಗತಿ ನನಗೆ ಬಂದಿಲ್ಲ."

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಹಲಗೆಯ ಮೇಲೆ ಅಮ್ಮನ ಹಳೆಯ ದವಡೆ ಹುಡುಕಿದೆ. ಸಿಕ್ಕಿತು, ಅದರ ಮೇಲೆ ಮಾತ್ರ ಧೂಳಿರಲಿಲ್ಲ. ಅದನ್ನು ಅವನ ಮೇಜಿನ ಮೇಲಿಟ್ಟೆ. "ಇದನ್ನ ಇಟ್ಕೊಂಡಿರಿ. ಆಮೇಲೆ ನಿಮಗೆ ಉಳಿಯೋದು ಇಷ್ಟೇ." ಅಷ್ಟು ಹೇಳಿ ಬಾಗಿಲ ಕಡೆ ತಿರುಗಿದೆ.

ಮೇಣದ ಒಲೆ ಆರಿಸಿದ ಸದ್ದು ಕೇಳಿತು. "ನಿಲ್ಲೇ" ಅಂದ. ಬಾಯೊಳಗಿಡುವ ಅಳತೆಯ ಪುಟ್ಟ ತಟ್ಟೆ, ರಬ್ಬರ್ ಬಟ್ಟಲು, ಪುಡಿಯ ಡಬ್ಬ, ಎಲ್ಲವನ್ನೂ ಚೀಲಕ್ಕೆ ತುಂಬಿದ. "ಕಾರಲ್ಲೇ ಬರ್ತೀನಿ. ಎಂಜಿನ್ ಆಫ್ ಮಾಡಲ್ಲ. ಒಳಗೆ ನಾನು ಕೆಲಸ ಮಾಡೋವಷ್ಟು ಹೊತ್ತು ನೀನು ಕಾರಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿಬೇಕು. ಕಾಲು ತೆಗೆದ್ಯೋ, ನೋಡು ಆಮೇಲೆ."

ಇಂಥ ಉಪಾಯ ಅವನೊಬ್ಬನಿಗೇ ಹೊಳೆಯಬೇಕು. ಜೀವಮಾನವಿಡೀ ಇಳಿಜಾರು ಸಿಕ್ಕಿದ ಕೂಡಲೇ ಎಂಜಿನ್ ಆರಿಸಿದವನು ಅವನು. ಆ ಮುದಿ ಎಂಜಿನ್ನನ್ನು ನಿಂತಲ್ಲೇ ಓಡಿಸಿದರೆ ಏನಾಗುತ್ತದೆಂದು ಅವನು ಒಂದು ದಿನವೂ ನೋಡಿರಲಿಲ್ಲ.

ಅವನ ಕಾರಿನಲ್ಲೇ ಗುಡ್ಡ ಇಳಿದೆವು. ಮನೆ ಮುಂದೆ ಅವನಿಳಿದ, ನಾನು ಅವನ ಸೀಟಿಗೆ ಸರಿದು ಕಾಲೊತ್ತಿದೆ. ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತಿದ್ದಳು. ಇಷ್ಟು ವರ್ಷದ ಮೇಲೆ ಬಂದ ಅಣ್ಣನಿಗೆ ಅವಳು ಹೇಳಿದ ಮೊದಲ ಮಾತು, "ಚಪ್ಪಲಿ ಹೊರಗೆ ಬಿಡು." ಅವನು ಹೇಳಿದ ಮೊದಲ ಮಾತು, "ಬಾಯಿ ತೆಗಿ." ಬಟ್ಟಲಿನಲ್ಲಿ ಪುಡಿ ಕಲಸಿ, ತಟ್ಟೆಗೆ ತುಂಬಿ, ಅವಳ ಬಾಯಿಗೆ ಒತ್ತಿ ಹಿಡಿದ. "ಅದು ಗಟ್ಟಿಯಾಗೋ ತನಕ ಅಲ್ಲಾಡಬಾರದು."

ಅಷ್ಟರಲ್ಲಿ ನನ್ನ ಮುಂದೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತ್ತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಹಬೆ. ಆಮೇಲೆ ಒಳಗೆಲ್ಲೋ ರಬ್ಬರ್ ಪೈಪು ಫಟ್ಟೆಂದು ಒಡೆದು, ಕುದಿಯುವ ನೀರು ರಸ್ತೆಗೆ ಸುರಿಯಿತು. "ಮಾಮಾ, ಎಂಜಿನ್ ಕುದೀತಿದೆ!" ಎಂದು ಕೂಗಿದೆ.

"ಆಫ್ ಮಾಡಬೇಡ ಕಣೇ!" ಒಳಗಿನಿಂದ ಚೀರಿದ. ಓಡಿಬರಲು ಅವನಿಗೆ ಆಗುವಂತಿರಲಿಲ್ಲ. ಕೈ ಬಿಟ್ಟರೆ ಅಳತೆ ಹಾಳು.

ಮುಳ್ಳು ಕೆಂಪು ಗೆರೆ ದಾಟಿತು. ಇನ್ನೊಂದು ಚೂರು ಹೊತ್ತು ಬಿಟ್ಟರೆ ಎಂಜಿನ್ನೇ ಹೋಗುತ್ತದೆಂದು ವ್ಯಾನು ಓಡಿಸುವ ನನಗೆ ಗೊತ್ತಿತ್ತು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಉಳಿಯಲಿ ಎಂದೇ ತಿರುಗಿಸಿದ್ದು. ಆದರೆ ಅವನ ಜಂಬವೂ ಜತೆಗೇ ಆರಿದ್ದಕ್ಕೆ ಹೊಟ್ಟೆ ತಣ್ಣಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಬೀದಿ ನಿಶ್ಶಬ್ದವಾಯಿತು. ಕಿಟಕಿಯೊಳಗೆ ಅಮ್ಮನ ಭುಜ ಕುಣಿಯುತ್ತಿತ್ತು. ಬಾಯಿ ತುಂಬ ತಟ್ಟೆಯಿಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಳು. "ನಗಬೇಡ! ನಗಬೇಡ ಅಂದ್ರೆ!" ಎಂದು ಅವನು ಕಿರುಚಿದಷ್ಟೂ ನಗು ಹೆಚ್ಚಾಯಿತು. ಅಳತೆ ಸೊಟ್ಟಗಾಯಿತು. ಅವನು ಹಲ್ಲು ಕಡಿಯುತ್ತಾ ಇನ್ನೊಮ್ಮೆ ಪುಡಿ ಕಲಸಿದ. ಈ ಸಲ ಓಡುವುದಕ್ಕೆ ಯಾವ ಅವಸರವೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಅಳತೆ ಸುತ್ತಿಕೊಂಡು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ, ನಡೆದೇ ಗುಡ್ಡ ಹತ್ತಿದ.

ಮರುದಿನ ಹೊಸ ಪೈಪು ತಂದು ತಾನೇ ಕೂರಿಸಿದ. ನೀರು ತುಂಬಿದ. ಇನ್ನು ತಳ್ಳಿದರೆ ಸಾಕು, ಹೊರಟುಹೋಗುತ್ತದೆ. "ನಾನು ತಳ್ತೀನಿ" ಅಂದೆ. "ನನ್ನ ಕಾರು ಮುಟ್ಟಬೇಡ" ಎಂದು ಸಿಡುಕಿದ. ಆಮೇಲೆ ದಿನಾ ಬರತೊಡಗಿದ. ಒಂದು ದಿನ ಪ್ಲಗ್ ಬಿಚ್ಚಿ ಒರೆಸುವುದು, ಇನ್ನೊಂದು ದಿನ ಯಾವುದೋ ನಟ್ಟು ಬಿಗಿ ಮಾಡುವುದು. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಬಾಯಿಗೆ ಬಂದಂತೆ ಹಂಗಿಸುವಳು. ಅವನು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ತಿರುಗಿ ಬೈಯುವನು. ಹೊಸ ಸೆಟ್ಟು ತಂದು ತೊಡಿಸಿದ ದಿನ ಅಮ್ಮ ಹುರಿದ ಕಡಲೆಬೀಜ ಕಟಕಟ ಅಗಿದು, "ಮೇಲುಗಡೆ ಚೂರು ಒತ್ತತ್ತೆ. ನಿನ್ನ ಕೆಲಸ ಯಾವತ್ತು ನೆಟ್ಟಗಿತ್ತು?" ಅಂದಳು. ಅದನ್ನು ಉಜ್ಜಿ ಸರಿಮಾಡಲು ಅವನಿಗೆ ಇನ್ನಷ್ಟು ದಿನ ಹಿಡಿಯಿತು.

ಅಮ್ಮನ ಕೆನ್ನೆ ತುಂಬಿಕೊಳ್ಳುತ್ತಿತ್ತು, ನಿಜ. ಆದರೆ ಬೆಳಗಾದರೆ ಈ ಜಗಳ ಕೇಳಿ ಕೇಳಿ ನನ್ನ ತಲೆ ಸಿಡಿಯತೊಡಗಿತು. ನನ್ನ ವ್ಯಾನು ನಿಲ್ಲಿಸಲು ಜಾಗವಿಲ್ಲ. ಮನೆ ಮುಂದೆಲ್ಲ ಎಣ್ಣೆಯ ಕಲೆ. ಕಡೆಗೆ ಒಂದು ಬೆಳಗ್ಗೆ ಅವನು ಬರುವ ಮೊದಲೇ ಬೇಕರಿಯ ಗಟ್ಟಿ ಆಳುಗಳನ್ನು ಕರೆತಂದೆ. ಕೀಲಿಯನ್ನು ಅವನು ಕಾರಿನಲ್ಲೇ ಬಿಟ್ಟುಹೋಗುತ್ತಿದ್ದ. ಯಾರು ಕದ್ದಾರು ಅದನ್ನ! ನಾನು ಸ್ಟೀರಿಂಗ್ ಹಿಡಿದೆ, ಅವರು ತಳ್ಳಿದರು. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಗುರ್ರೆಂದಿತು. ಬೀದಿಯ ತುದಿಯಲ್ಲಿ ತಿರುಗಿಸಿಕೊಂಡು ಮನೆ ಮುಂದೆ ತಂದು, ಓಡುತ್ತಿರುವಂತೆಯೇ ನಿಲ್ಲಿಸಿ, ಇಳಿದೆ.

ಅಷ್ಟರಲ್ಲಿ ಅವನು ಬಂದಿದ್ದ. ಅಮ್ಮನೂ ಎದ್ದು ಹೊರಗೆ ಬಂದಿದ್ದಳು.

"ತಗೊಳ್ಳಿ, ನಿಮ್ಮ ಕಾರು ಸರಿಹೋಯ್ತು. ಹೊರಡಿ" ಅಂದೆ.

ಅವನು ಬಿಳಿಚಿಕೊಂಡ. "ಯಾರೇ ನಿನಗೆ ಹೇಳಿದ್ದು?" ಅಂದ. ಅದೇ ಮಾತನ್ನು ಅದೇ ಕ್ಷಣಕ್ಕೆ ಅಮ್ಮನೂ ಅಂದಳು. ಇಬ್ಬರೂ ಒಟ್ಟಿಗೆ ನನ್ನ ಮೇಲೆ ಹರಿಹಾಯ್ದರು. ಹೆತ್ತ ತಾಯಿ, ಅನ್ನ ಹಾಕುವ ಮಗಳು ಎನ್ನುವುದನ್ನೂ ಮರೆತು, "ಎಲ್ಲಕ್ಕೂ ಮೂಗು ತೂರಿಸ್ತಾಳೆ, ನಮ್ಮಪ್ಪನ ಮನೆ ಕಡೆಯವರಲ್ಲಿ ಈ ಬುದ್ಧಿ ಯಾರಿಗೂ ಇರಲಿಲ್ಲ" ಅಂದಳು. "ಎಲ್ಲ ಅವರಪ್ಪನಿಂದ ಬಂದಿದ್ದು" ಅಂತ ಅವನು ದನಿಗೂಡಿಸಿದ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಎಂಜಿನ್ ಓಡುತ್ತಲೇ ಇತ್ತು. ಮಾಮ ಕಾರಿನ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಹತ್ತಲಿಲ್ಲ.

ಅಮ್ಮ ಏದುಸಿರು ಬಿಡುತ್ತಾ ಕಾರಿನ ಹತ್ತಿರ ಹೋದಳು. ಬಾಗಿ, ಬಾಗಿಲ ಮೇಲಿಂದ ಒಳಗೆ ಕೈ ಹಾಕಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂತಳು.

ಮಾಮ ಅಂಗಿಯ ತೋಳು ಮಡಚಿ, ಬಾನೆಟ್ ಎತ್ತಿದ.