ಆರಾಮ್ ಅಂದದ್ದಕ್ಕೆ

ಧಾರವಾಡ ಕಡೆಯವರನ್ನು ಹೇಗಿದ್ದೀರಿ ಎಂದು ಕೇಳಿದರೆ ಉತ್ತರ ಒಂದೇ: ಆರಾಮ್ರಿ. ಜ್ವರ ಬಂದಿದ್ದರೂ ಆರಾಮ್, ಮಗ ನಪಾಸಾಗಿದ್ದರೂ ಆರಾಮ್. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನನ್ನ ಹೆಂಡತಿಗೆ ಮುಳುವಾದದ್ದು ಆ ಮಾತೇ.

ಆಕೆ ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಎಡ ಮೊಣಕಾಲು ಸವೆದಿತ್ತು. ಊಟದ ಬಿಡುವಿನ ಹೊತ್ತಿಗೆ ಬಾತು ಬಿಸಿಯಾಗುತ್ತಿತ್ತು. ಕೂತು ಪಾಠ ಮಾಡಲು ಕುರ್ಚಿ ಕೇಳಿದಳು. ಡಾಕ್ಟರ ಚೀಟಿ ತನ್ನಿ ಎಂದರು ಮುಖ್ಯೋಪಾಧ್ಯಾಯಿನಿ.

ಡಾಕ್ಟರು ಉರ್ದು ಮಾತಾಡುವವರು. ಎಕ್ಸ್-ರೇ ನೋಡಿ ಸವೆತ ಅಲ್ಪವೆಂದು ಮಾತ್ರೆ ಕೊಟ್ಟರು. ಮುಂದಿನ ಭೇಟಿಯಲ್ಲಿ "ಕೈಸೀ ಹೈಂ?" ಎಂದರು. ಇವಳು ರೂಢಿಯಂತೆ, "ಆರಾಮ್." ಉರ್ದುವಿನಲ್ಲಿ ರೋಗಿ ಹಾಗೆಂದರೆ ನೋವು ಇಳಿದಿದೆ ಎಂದರ್ಥ. ಚೀಟಿಯಲ್ಲಿ ಅದನ್ನೇ ಬರೆದರು. ಕುರ್ಚಿ ಸಿಗಲಿಲ್ಲ. ನಿಲ್ಲಲಾಗದಿದ್ದರೆ ರಾಜೀನಾಮೆ ಕೊಡಬಹುದು ಎಂಬ ಸಲಹೆ ಸಿಕ್ಕಿತು.

"ಚೀಟಿಗೆ ತಿದ್ದುಪಡಿ ಹಾಕಸೋಣ," ಎಂದೆ. ಪತ್ರಿಕೆಯ ಕೆಲಸ ನನ್ನದು.

"ನಿಮ್ಮ ಪೇಪರಿನ್ಯಾಗ ತಿದ್ದುಪಡಿ ಯಾವ ಮೂಲ್ಯಾಗ ಬರ್ತದ ಗೊತ್ತದ ಬಿಡ್ರಿ. ನಾನ ಹೋಗ್ತೀನಿ."

ಅದೇ ಆಸ್ಪತ್ರೆಯಲ್ಲಿ ಮಂಗಳೂರಿನ ಲೇಡಿ ಡಾಕ್ಟರೊಬ್ಬರು ಸವೆದ ಮೊಣಕಾಲುಗಳ ಸ್ಕ್ಯಾನ್ ಮಾಡುತ್ತಿದ್ದರು. ಒಳಗಿನ ಉರಿಯೂತಕ್ಕೂ ನೋವಿಗೂ ಎಷ್ಟು ನಂಟು ಎಂಬುದು ಅವರ ಅಧ್ಯಯನ. ಇವಳು ಅದಕ್ಕೆ ಹೆಸರು ಕೊಟ್ಟಳು. ಸ್ಕ್ಯಾನ್ ದಿನ ನಾನೂ ಜೊತೆಗಿದ್ದೆ. ಬೂದು ಪರದೆಯ ಮೇಲೆ ಕಪ್ಪು ಮಡುವೊಂದು, ಅದರ ಅಂಚಿಗೆ ಕೆಂಪು ಚುಕ್ಕೆಗಳು ಮೂಡಿದವು.

"ಕಪ್ಪು ಉಂಟಲ್ಲ, ಅದು ನೀರು. ಕೆಂಪು ರಕ್ತದ ಓಟ. ಬಾವು ಇದ್ದಲ್ಲಿ ಹೀಗೆ. ಎಕ್ಸ್-ರೇಯಲ್ಲಿ ಇದೆಲ್ಲ ಕಾಣುವುದಿಲ್ಲ."

"ಹಾಗಾದರೆ ನೋವು ಸಾಬೀತಾಯಿತೇ?" ಎಂದು ಕೇಳಿದೆ.

"ಇಲ್ಲ ಮಾರಾಯ್ರೆ. ಬಾವು ಚಿತ್ರದಲ್ಲಿ ಬರ್ತದೆ, ನೋವು ಬರುವುದಿಲ್ಲ. ಅದನ್ನು ಇವರೇ ಹೇಳ್ಬೇಕು." ಇವಳತ್ತ ತಿರುಗಿದರು. "ಹೇಗಿದೆ ಮೇಡಂ?"

"ಆ..." ಎಂದವಳು ತಟ್ಟನೆ ತುಟಿ ಬಿಗಿದಳು. ಆಮೇಲೆ, "ಸುಡ್ತದ್ರಿ. ನಿಂತ್ರ ಕೆಂಡ ಇಟ್ಟಂಗ ಸುಡ್ತದ. ಬರಕೋರಿ."

ಮರುದಿನದ್ದು ನಾನು ಕಂಡದ್ದಲ್ಲ, ಆಕೆ ಹೇಳಿದ್ದು. ಮುಖ್ಯೋಪಾಧ್ಯಾಯಿನಿ ಇವಳು ಒಯ್ದ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಇದರಲ್ಲಿ ನೋವು ಎಲ್ಲಿದೆ ಎಂದರಂತೆ. ಚಿತ್ರದಲ್ಲಿಲ್ಲ, ನನ್ನ ಕಾಲಲ್ಲಿದೆ ಎಂದು ಇವಳು ಹೊರಬಂದು, ಸ್ಟಾಫ್ ರೂಮಿನ ಕುರ್ಚಿಯೊಂದನ್ನು ಎಳೆದುಕೊಂಡೇ ತರಗತಿಗೆ ಹೋಗಿ, ಕರಿಹಲಗೆಯ ಪಕ್ಕ ಹಾಕಿ ಕೂತಳು. ಬಾಗಿಲಿಗೆ ಬಂದ ಮುಖ್ಯೋಪಾಧ್ಯಾಯಿನಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮನೆಯಲ್ಲಿ ನನಗೆ ನಮ್ಮ ಭಾಷೆಯಲ್ಲೇ ಒಪ್ಪಿಸಿದಳು:

"ರಾಜೀನಾಮಿ ಕೊಡಂಗಿಲ್ರಿ. ತಗೀತೀನಂದ್ರ ತಗೀರಿ. ಅಲ್ಲೀತನಕ ಇಲ್ಲೇ ಕುಂತಿರ್ತೀನಿ."