ಮಗ್ಗ ನಿಂತರೆ ಶಾಲೆ ಬಿಟ್ಟಂತೆ

ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಯಾರಿಗೂ ರಜೆ ಸಿಕ್ಕಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ಈ ಬೇಸಿಗೆಯಲ್ಲಿ. ಬೀದಿಯ ಮಕ್ಕಳೆಲ್ಲ ಪರೀಕ್ಷೆ ಮುಗಿಸಿ, ಯೂನಿಫಾರ್ಮನ್ನು ಮೂಲೆಗೆಸೆದು ಕುಣಿಯುತ್ತಿದ್ದರು. ನನ್ನ ಮಗಳು ಇಂಚರ, ಒಂಬತ್ತು ವರ್ಷದವಳು, ಗೇಟಿನ ಮೇಲೆ ಗಲ್ಲವಿಟ್ಟು ಅವರನ್ನು ನೋಡುತ್ತ ನಿಂತಿದ್ದಳು. ಅವಳೂ ಅವಳ ತಮ್ಮ ಮಿಥುನನೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ನನ್ನ ಹತ್ತಿರ ಕಲಿಯುತ್ತಾರೆ. ಹೋಗದವರಿಗೆ ವಾಪಸು ಬರುವ ಸುಖವೂ ಇಲ್ಲ ಎಂಬ ಸಣ್ಣ ಲೆಕ್ಕ, ಅವರಿಗೆ ಲೆಕ್ಕ ಹೇಳಿಕೊಡುವ ನನಗೇ ಹೊಳೆದಿರಲಿಲ್ಲ.

ಈ ಮನೆಪಾಠ ಹೇಗೆ ಶುರುವಾಯಿತು ಎಂದು ಕೇಳುವವರಿಗೆ ಹೇಳಲು ನನ್ನಲ್ಲೊಂದು ಸೊಗಸಾದ ಕಥೆಯಿದೆ. ಅದರಲ್ಲಿ ಪುಟ್ಟ ಇಂಚರ ತರಗತಿಯ ಕಿಟಕಿಯಿಂದ ಅಳಿಲೊಂದನ್ನು ನೋಡುತ್ತಿರುತ್ತಾಳೆ, ಯಾರೋ ಬಂದು ಕಿಟಕಿ ಮುಚ್ಚುತ್ತಾರೆ, ನಾನು ಅವತ್ತೇ ಅವಳನ್ನು ಮನೆಗೆ ಕರೆತರುತ್ತೇನೆ. ಕಥೆ ಎಷ್ಟು ಚೆನ್ನಾಗಿದೆಯೆಂದರೆ ಅದು ನಡೆದಿರಲಿಕ್ಕಿಲ್ಲ ಎಂದು ನನಗೇ ಅನುಮಾನ. ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಹೆಂಡತಿ ಸುಮಿತ್ರಳ ಪ್ರಕಾರ ಅಲ್ಲಿ ಅಳಿಲೇ ಇರಲಿಲ್ಲ. ಶಾಲೆಯ ವ್ಯಾನು ಬೆಳಗ್ಗೆ ಬೇಗ ಬರುತ್ತಿತ್ತು, ಮಗುವನ್ನು ಹತ್ತಿಸಬೇಕಾದ ನಾನು ಆ ಹೊತ್ತಿಗೆ ಎದ್ದಿರುತ್ತಿರಲಿಲ್ಲ, ಅಷ್ಟೆ. ಸಾಸಲು ಎಂಬ ಊರಿನಿಂದ ಆಗಾಗ ಬರುವ ಅತ್ತೆಯವರದು ಮೂರನೆಯ ಪಾಠಾಂತರ: "ಮನೇಲಿ ಒಬ್ರೇ ಕೂತ್ಕೊಂಡು ಮಿಕ್ಸಿ ಪುಸ್ತಕ ಬರೀತಾರೆ. ಮಾತಾಡೋಕೆ ಯಾರೂ ಇರ್ಲಿಲ್ಲ. ಅದ್ಕೆ ಮಕ್ಳನ್ನ ಹಿಡ್ಕೊಂಡ್ಬಿಟ್ರು." ಮಿಕ್ಸಿ, ಗೀಸರ್, ಫ್ಯಾನುಗಳ ಜೊತೆ ಬರುತ್ತದಲ್ಲ, ಯಾರೂ ಓದದ ಆ ಸೂಚನಾ ಪುಸ್ತಿಕೆ, ಅದನ್ನು ಕನ್ನಡಕ್ಕೆ ತರುವುದು ನನ್ನ ಉದ್ಯೋಗ. ಯಾರೂ ಕೇಳದಿದ್ದರೂ ವಿವರಿಸುವುದು ನನಗೆ ಹೊಟ್ಟೆಪಾಡು. ಅತ್ತೆಯವರ ಪಾಠವೇ ಮೂಲಕ್ಕೆ ಹತ್ತಿರವಿರಬಹುದು.

ಮನೆಯಲ್ಲಿ ಕಲಿಸುವುದರ ಸುಖ ಸುಳ್ಳಲ್ಲ. ಮಳೆ ಬಂದ ದಿನ ಮಳೆಯನ್ನೇ ಓದಬಹುದು. ಮಿಥುನ ಒಂದು ಬೆಳಗ್ಗೆಯೆಲ್ಲ ಗೊದ್ದ ಇರುವೆಗಳ ಸಾಲಿನ ಹಿಂದೆ ತೆವಳಿ, ಅವುಗಳ ಮನೆ ನಮ್ಮ ಅಕ್ಕಿ ಡಬ್ಬಿಯ ಹಿಂದಿದೆಯೆಂದು ಕಂಡುಹಿಡಿದ. ಅವನ ಮುಖದಲ್ಲಿ ಅವತ್ತು ಇದ್ದ ಬೆಳಕನ್ನು ಯಾವ ಅಂಕಪಟ್ಟಿಯೂ ಕೊಡಲಾರದು. ತೊಂದರೆಯೇನೆಂದರೆ, ಅಲ್ಲಿಗೆ ಬಿಡಬೇಕಲ್ಲ? ನಾನು ಬಿಡುವುದಿಲ್ಲ. ಗೊದ್ದಕ್ಕೆ ಕಾಲೆಷ್ಟು, ಜೇಡಕ್ಕೆಷ್ಟು, ಎರಡೂ ಸೇರಿದರೆಷ್ಟು ಎಂದು ಶುರುಮಾಡುತ್ತೇನೆ. ದೋಸೆ ಮುರಿದರೆ ಭಿನ್ನರಾಶಿ. ದೇವನಹಳ್ಳಿ ಕಡೆಗೆ ಇಳಿಯುವ ವಿಮಾನ ತಲೆಯ ಮೇಲೆ ಹೋದರೆ ಭೂಗೋಳ. ಒಮ್ಮೆ ಅತ್ತೆಯವರು ತಂದ ಅವರೆಕಾಯಿಯನ್ನು ಮೊಮ್ಮಕ್ಕಳು ಸುಲಿಯುತ್ತಿದ್ದಾಗ, ಒಂದೊಂದು ಕಾಯಿಯಲ್ಲಿ ಸರಾಸರಿ ಎಷ್ಟು ಕಾಳು ಎಂದು ಕೇಳಿಬಿಟ್ಟೆ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟು, "ಅಳಿಯಂದ್ರೇ, ಕೈ ಮುಗೀತೀನಿ. ಕಾಳನ್ನ ಕಾಳಾಗಿರೋಕೆ ಬಿಡಿ" ಎಂದರು.

ನಮ್ಮದು ಮಗ್ಗದ ಬೀದಿ. ಬೆಳಗಿನಿಂದ ರಾತ್ರಿಯವರೆಗೆ ಎರಡೂ ಬದಿಯ ಮನೆಗಳಲ್ಲಿ ಮಗ್ಗಗಳು ಖಟಾಖಟ್ ಖಟಾಖಟ್ ಎನ್ನುತ್ತಿರುತ್ತವೆ. ನನ್ನ ಮಕ್ಕಳು ಮಗ್ಗಿ ಕಲಿತದ್ದು ಆ ತಾಳದಲ್ಲೇ. ಕರೆಂಟು ಹೋದರೆ ಮಾತ್ರ ಇಡೀ ಬೀದಿ ಒಮ್ಮೆಗೇ ಮೌನವಾಗುತ್ತದೆ. ಆ ಮೌನಕ್ಕೆ ಜನ ಬೆಚ್ಚಿ ಹೊರಗೆ ಬರುತ್ತಾರೆ. ಗಂಡಸರು ಬೀಡಿಗೆ, ಹೆಂಗಸರು ಮಾತಿಗೆ, ಮಕ್ಕಳು ಆಟಕ್ಕೆ.

ಅಂಥದೊಂದು ಏಪ್ರಿಲ್ ಸಂಜೆ ಕಿಟಕಿಯಿಂದ ನೋಡುತ್ತೇನೆ, ನಮ್ಮ ಜಗಲಿಯ ಮೇಲೇ ಶಾಲೆ ನಡೆಯುತ್ತಿದೆ! ಎದುರು ಮನೆಯ ಮಗ್ಗದ ನಂಜುಂಡಪ್ಪನ ಮಗಳು ಚೈತ್ರ, ಆರನೇ ಕ್ಲಾಸು ಮುಗಿಸಿದವಳು, ದುಪಟ್ಟಾವನ್ನು ಸೀರೆಯಂತೆ ಸುತ್ತಿಕೊಂಡು ಮಿಸ್ಸಾಗಿದ್ದಾಳೆ. ನನ್ನ ಮಕ್ಕಳು ಕೈ ಕಟ್ಟಿ ಕೂತಿದ್ದಾರೆ.

"ಇಂಚರಾ!"

"ಪ್ರೆಸೆಂಟ್ ಮಿಸ್!"

"ಹೋಮ್‌ವರ್ಕ್ ಎಲ್ಲಮ್ಮಾ?"

"ಮಾಡಿಲ್ಲ ಮಿಸ್."

"ನಾಚ್ಕೆ ಆಗಲ್ವಾ? ಹೊರಗಡೆ ಮಂಡಿ ಊರು, ಹೋಗು."

ಯಾವ ಶಿಕ್ಷೆಯಿಂದ ಕಾಪಾಡಲು ನಾನು ಅವಳನ್ನು ಮನೆಯಲ್ಲಿಟ್ಟುಕೊಂಡಿದ್ದೆನೋ ಅದಕ್ಕೆ ನನ್ನ ಮಗಳು ಹಬ್ಬಕ್ಕೆ ಹೊರಟವಳಂತೆ ಎದ್ದು ಹೋಗಿ, ಮೆಟ್ಟಿಲ ಕೆಳಗೆ ಮಂಡಿಯೂರಿ ಕೂತು ಕಿಸಿಕಿಸಿ ನಕ್ಕಳು. ಸ್ವಲ್ಪ ಹೊತ್ತಿಗೆ ಚೈತ್ರ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಿದಳು. ಮಕ್ಕಳು ಹೋ ಎಂದು ಬೀದಿಗೆ ಓಡಿದವು. ಮಿಸ್ಸೂ ಓಡಿದಳು.

ಅವತ್ತು ನನಗೆ ಊಟ ಸೇರಲಿಲ್ಲ. ಏಕೆಂದರೆ ನನಗೂ ಸುಮಿತ್ರಳಿಗೂ ಒಂದು ಒಪ್ಪಂದವಿತ್ತು: ಇಂಚರಳಿಗೆ ಬುದ್ಧಿ ಬಂದ ಮೇಲೆ ಅವಳನ್ನೇ ಕೇಳುವುದು. ಅವಳು ಶಾಲೆ ಎಂದರೆ ಶಾಲೆ, ಮನೆ ಎಂದರೆ ಮನೆ. ಈ ಜೂನಿಗೆ ಮೊದಲು ಕೇಳುವುದೆಂದು ಮಾತಾಗಿತ್ತು. ಅವಳು ಶಾಲೆ ಎಂದರೆ ಮಿಥುನನೂ ಅವಳ ಬಾಲ ಹಿಡಿದು ಹೋಗುತ್ತಾನೆ. ಆಮೇಲೆ ಹಗಲೆಲ್ಲ ಮನೆಯಲ್ಲಿ ನಾನು, ಗೀಸರಿನ ಪುಸ್ತಿಕೆ. ಮಕ್ಕಳ ಭವಿಷ್ಯದ ಚಿಂತೆ ಎಂದು ನಾನು ಕರೆದುಕೊಳ್ಳುತ್ತಿದ್ದುದರಲ್ಲಿ ಇದರ ಪಾಲೇ ದೊಡ್ಡದಿತ್ತು.

ಒಂದು ಭಾನುವಾರ ಮಧ್ಯಾಹ್ನ, ಮುದ್ದೆ ಬಸ್ಸಾರಿನ ಮುಂದೆ, ಸುಮಿತ್ರ ಕೇಳಿಯೇಬಿಟ್ಟಳು. "ಇಂಚೂ, ಜೂನ್‌ಗೆ ಸ್ಕೂಲಿಗೆ ಹೋಗ್ತೀಯೇನೇ? ನಿನ್ನಿಷ್ಟ. ಅಪ್ಪ ಏನೂ ಅನ್ನಲ್ಲ."

ಇಂಚರ ಯೋಚಿಸಿದಳು. "ಸ್ಕೂಲಲ್ಲಿ ಬೆಲ್ಲು ಹೊಡೆದ್ಮೇಲೆ ಮಿಸ್ಸು ಎಲ್ಲಿಗೆ ಹೋಗ್ತಾರೆ?"

"ಅವರ ಮನೆಗೆ."

"ನಮ್ಮನೆಗೆ ಬರಲ್ವಾ?"

"ಅವರ್ಯಾಕೆ ಬರ್ತಾರೆ?"

"ಅಪ್ಪ ಎಲ್ಲೂ ಹೋಗೋದೇ ಇಲ್ಲ," ಎಂದಳು ಇಂಚರ, ದೂರಿನ ದನಿಯಲ್ಲೂ ಅಲ್ಲ, ಹವಾಮಾನ ಹೇಳುವಂತೆ. "ಊಟಕ್ಕೆ ಕೂತ್ರೂ ಮೇಷ್ಟ್ರೇ."

ಮುದ್ದೆಯ ತುತ್ತನ್ನು ಬೆರಳಲ್ಲಿ ಉರುಳಿಸುತ್ತ, ಭೂಮಿ ತಿರುಗುವ ಬಗ್ಗೆ ಒಂದು ಮಾತು ಹೇಳಬೇಕೆಂದಿದ್ದ ನಾನು ಅದನ್ನು ಹಾಗೇ ನುಂಗಿದೆ.

ಮಾತುಕತೆ ಇಷ್ಟು ಚೊಕ್ಕಟವಾಗಿ ನಡೆದಿರಲಾರದು ಎಂಬ ಸಂದೇಹ ನಿಮ್ಮಂತೆ ನನಗೂ ಇದೆ. ಕೇಳಿದರೆ ಇಂಚರ, ಅದನ್ನು ಹೇಳಿದ್ದು ತಾನಲ್ಲ, ಮಿಥುನ ಎನ್ನುತ್ತಾಳೆ. ಮಿಥುನನಿಗೆ ಅವತ್ತು ತನಗೆ ಒಂದು ಹಪ್ಪಳ ಕಮ್ಮಿ ಸಿಕ್ಕಿದ್ದು ಮಾತ್ರ ನೆನಪಿದೆ. ಯಾರು ಹೇಳಿದರೋ, ಕಡೆಗೆ ತೀರ್ಮಾನವಾದದ್ದರ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಇಂಚರ ನನಗೆ ಒಂದು ತಿಂಗಳು ಅವಕಾಶ ಕೊಟ್ಟಳು. ಮನೆಪಾಠಕ್ಕೂ ಬೆಲ್ಲು ಬೇಕು. ಬೆಲ್ಲು ಹೊಡೆದ ಮೇಲೆ ಅಪ್ಪ ಏನನ್ನೂ ಕಲಿಸಕೂಡದು. ಕಲಿಸಿದರೆ ಅವಳು ಶಾಲೆಗೆ ಹೋಗುತ್ತಾಳೆ.

"ಬೆಲ್ಲು ನಾನು ಹೊಡೀತೀನಿ" ಎಂದೆ.

"ಬೇಡ, ನೀನು ಹೊಡೆಯೋದೇ ಇಲ್ಲ. ಮಗ್ಗ ನಿಂತ್ರೆ ಸ್ಕೂಲ್ ಬಿಟ್ಟಂಗೆ."

"ಕರೆಂಟು ವಾಪಸ್ ಬಂದ್ರೆ?"

"ಒಂದ್ಸಲ ಬಿಟ್ರೆ ಬಿಟ್ಟಂಗೇ ಅಪ್ಪಾ. ಯಾವ ಸ್ಕೂಲಲ್ಲಾದ್ರೂ ಮಕ್ಳನ್ನ ವಾಪಸ್ ಕರೀತಾರಾ?"

ಇದೇನು ಹೊಸದಲ್ಲ ಎಂದು ನಾನು ಸಮಾಧಾನ ಹೇಳಿಕೊಂಡೆ. ಹಿಂದೆ ವೇದ ಕಲಿಯುವವರಿಗೂ ಇಂಥ ನಿಯಮಗಳಿದ್ದವು. ಗುಡುಗಿದರೆ ಪಾಠವಿಲ್ಲ, ನರಿ ಊಳಿಟ್ಟರೆ, ಕತ್ತೆ ಅರಚಿದರೆ, ಮನೆಗೆ ಅತಿಥಿ ಬಂದರೆ ಪಾಠವಿಲ್ಲ. ಅದಕ್ಕೆ ಶಾಸ್ತ್ರಕಾರರು ಗಂಭೀರ ಕಾರಣಗಳನ್ನು ಕೊಟ್ಟಿದ್ದಾರೆ. ಅವರ ಮನೆಯಲ್ಲೂ ಒಬ್ಬಳು ಒಂಬತ್ತು ವರ್ಷದ ಮಗಳು ಇದ್ದಿರಬೇಕು ಎಂದು ಈಗ ನನ್ನ ಊಹೆ. ಆ ಪಟ್ಟಿಗೆ ನಮ್ಮ ಕಾಲದಲ್ಲಿ ಕರೆಂಟು ಸೇರಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಎರಡು ಬಗೆಯಾಯಿತು. ನಾನು ಕರೆಂಟು ಇರಲಿ ಎಂದು ಬೇಡುತ್ತಿದ್ದೆ, ಮಕ್ಕಳು ಹೋಗಲಿ ಎಂದು. ದೇವರು ಸಾಮಾನ್ಯವಾಗಿ ಮಕ್ಕಳ ಕಡೆ. ಒಂದು ದಿನ ಅಕ್ಬರ ಇನ್ನೂ ಪಟ್ಟಕ್ಕೆ ಬರುವ ಮೊದಲೇ ಮಗ್ಗಗಳು ನಿಂತವು. ಮಕ್ಕಳು ಚಪ್ಪಾಳೆ ಹೊಡೆಯುತ್ತ ಹೊರಗೆ ಹಾರಿದವು. ಎದುರುಗಡೆ ನಂಜುಂಡಪ್ಪ ಬನಿಯನ್ನಿನಲ್ಲಿ ಬಂದು ನಿಂತಿದ್ದ.

"ಏನ್ ಸಾರ್ ಇದು? ಕರೆಂಟ್ ಹೋದ್ರೆ ನಮ್ ಹೊಟ್ಟೆ ಉರೀತದೆ, ನಿಮ್ ಮಕ್ಳು ಚಪ್ಪಾಳೆ ಹೊಡೀತವಲ್ಲ!"

ನಾನು ನಿಯಮವನ್ನು ವಿವರಿಸಿದೆ. ಅವನು ಬಿದ್ದುಬಿದ್ದು ನಕ್ಕ. "ಹಂಗಾರೆ ಒಂದ್ ಕೆಲ್ಸ ಮಾಡ್ತೀನಿ. ಮಗ್ಗಕ್ಕೆ ಜನರೇಟರ್ ಮಾತ್ರ ಹಾಕ್ಸಲ್ಲ, ಹಾಕ್ಸಿದ್ರೆ ನಿಮ್ ಮಕ್ಳು ಮನೆ ಬಿಟ್ಟು ಹೋಗ್ಬಿಡ್ತವೆ!"

ನಿಜವಾದ ಕಷ್ಟ ಶಾಲೆ ಬಿಟ್ಟ ಮೇಲಿನದು. ಮಳೆಬಿಲ್ಲು ಮೂಡಿದರೆ ನಾನು ಹಲ್ಲು ಕಚ್ಚಿ ಸುಮ್ಮನೆ ನೋಡಬೇಕು. ಮಿಥುನ ಗೋಲಿಗಳನ್ನು ತಪ್ಪಾಗಿ ಎಣಿಸಿದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಬೇಕು. ಹೀಗೆ ಸುಮ್ಮನಿದ್ದ ಒಂದು ಸಂಜೆ, ಮಿಥುನ ಹಾಡಿಕೊಳ್ಳುತ್ತಾನೆ ಎಂದು ನನಗೆ ಮೊದಲ ಬಾರಿಗೆ ತಿಳಿಯಿತು. ಯಾವಾಗಿನಿಂದ ಹಾಡುತ್ತಿದ್ದನೋ. ನನ್ನ ದನಿಯೇ ಅಡ್ಡವಿದ್ದಿರಬೇಕು.

ಅವಕಾಶದ ತಿಂಗಳು ಮುಗಿಯುತ್ತ ಬಂದಾಗ, ಒಂದು ಮಧ್ಯಾಹ್ನ ಮಗ್ಗಗಳು ನಿಂತಿದ್ದವು. ಇಂಚರ ನಂಜುಂಡಪ್ಪನ ಮನೆಯಿಂದ ಸವೆದುಹೋದ ಲಾಳಿಯೊಂದನ್ನು ತಂದಳು. ಮಗ್ಗದಲ್ಲಿ ನೂಲನ್ನು ಹೊತ್ತು ಆ ಕಡೆಗೂ ಈ ಕಡೆಗೂ ಓಡುವ, ಪುಟ್ಟ ದೋಣಿಯಂಥ ಮರದ ತುಂಡು.

"ಅಪ್ಪಾ, ಇದು ಎರಡೂ ಕಡೆ ಯಾಕೆ ಚೂಪಾಗಿದೆ?"

ನೂಲಿನ ಇತಿಹಾಸ, ದೋಣಿಯ ಆಕಾರ, ಯಂತ್ರಯುಗ, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನೂಕಾಡಿದವು. ಸುಮಿತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಆರಿದ ಬಲ್ಬನ್ನು ತೋರಿಸಿದೆ. "ಸ್ಕೂಲ್ ಬಿಟ್ಟಿದೆ ಕಣೇ."

"ಸುಮ್ನೆ ಕೇಳ್ತಿರೋದು ಅಪ್ಪಾ."

"ಸುಮ್ನೆ ಕೇಳಿದ್ರೆ, ನಂಗೊತ್ತಿಲ್ಲ."

ಅಪ್ಪನಿಗೆ ಗೊತ್ತಿಲ್ಲದ್ದು ಒಂದಿದೆ ಎಂಬ ಸುದ್ದಿ ಅವಳಿಗೆ ಬಲು ರುಚಿಯಾಗಿತ್ತೆಂದು ಕಾಣುತ್ತದೆ. ಲಾಳಿ ಹಿಡಿದು ಎದುರು ಮನೆಗೆ ಓಡಿದಳು. ಕರೆಂಟು ಬಂತು, ಬೀದಿ ಮತ್ತೆ ಖಟಾಖಟ್ ಎನ್ನತೊಡಗಿತು, ಅವಳು ಬರಲಿಲ್ಲ. ಬಂದದ್ದು ದೀಪ ಹಚ್ಚುವ ಹೊತ್ತಿಗೆ, ತಲೆಕೂದಲಿಗೆಲ್ಲ ನೂಲಿನ ಧೂಳು ಮೆತ್ತಿಕೊಂಡು.

"ಅಪ್ಪಾ, ಇಲ್ಲಿ ಕೂತ್ಕೋ, ಹೇಳ್ತೀನಿ. ಅದು ಹೋಗ್ವಾಗ್ಲೂ ಮುಂದೆ, ಬರ್ವಾಗ್ಲೂ ಮುಂದೆ. ತಿರುಗೋದೇ ಇಲ್ಲ. ಅದಕ್ಕೆ ಎರಡು ಮೂತಿ. ಗೊತ್ತಾಯ್ತಾ? ಈಗ ನೀನು ಹೇಳು ನೋಡೋಣ."

ಹೇಳಿದೆ. ತಪ್ಪಿದೆಯೆಂದು ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಹಾಸು ಯಾವುದು, ಹೊಕ್ಕು ಯಾವುದು, ನೂಲು ತುಂಡಾದರೆ ಚೈತ್ರಳ ಅಮ್ಮ ಹೇಗೆ ಗಂಟು ಹಾಕುತ್ತಾರೆ ಎಲ್ಲ ಶುರುವಾಯಿತು. ಮುಂದಿನ ವಾರ ಬೀದಿಯ ಮಕ್ಕಳ ಶಾಲೆ ತೆರೆಯುವುದಿತ್ತು. ಆ ಮಾತನ್ನು ಅವಳು ಎತ್ತಲಿಲ್ಲ. "ನಾಳೆ ಗಂಟು ಹಾಕೋದು ಹೇಳ್ಕೊಡ್ತೀನಿ, ಬೆಳಗ್ಗೆ ಬೇಗ ಎದ್ದಿರು" ಎಂದಳು. ಶಾಲೆಯ ಮಾತನ್ನು ನಾನೂ ಎತ್ತಲಿಲ್ಲ. ನನ್ನ ಕಾಫಿ ಆರುತ್ತಿತ್ತು, ಪಾಠ ಮುಗಿಯುವ ಲಕ್ಷಣವಿರಲಿಲ್ಲ. ಕಳ್ಳಗಣ್ಣಿನಿಂದ ಒಮ್ಮೆ ಬಲ್ಬಿನ ಕಡೆ ನೋಡಿದೆ. ಹಾಳಾದ್ದು, ಢಾಳಾಗಿ ಉರಿಯುತ್ತಿತ್ತು.