ಹೊಗೆ ಮೂಸುವ ಗಂಗಲಕ್ಷ್ಮಮ್ಮ

ಶನಿವಾರ, ಬೆಳಗಿನ ಆರು ಗಂಟೆ. ಗುಬ್ಬಿಯ ಚೇಳೂರು ರಸ್ತೆಯಲ್ಲೊಂದು ತಗಡಿನ ಶೆಡ್ಡು. ಅದರ ಮುಂದೆ ರಾತ್ರಿಯೆಲ್ಲ ನಿಂತು ತಣ್ಣಗಾದ ಶಾಲಾ ವ್ಯಾನು. ಚಾಲಕ ಜಯಪ್ರಕಾಶ್ ಕೀ ತಿರುಗಿಸಿದ್ದೇ ಸೈಲೆನ್ಸರಿನಿಂದ ಬುಸ್ಸೆಂದು ಹೊಗೆ ಬರುತ್ತದೆ. ಮೂವತ್ತೊಂದು ವರ್ಷದ ಅನುಭವವಿರುವ ಮೆಕ್ಯಾನಿಕ್ ಶಿವರಾಮಯ್ಯ ಕೈಕಟ್ಟಿ ಪಕ್ಕಕ್ಕೆ ಸರಿಯುತ್ತಾರೆ. ಮುಂದೆ ಬರುವವರು ಅವರ ಹೆಂಡತಿ ಗಂಗಲಕ್ಷ್ಮಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಅಂಗೈಯಿಂದ ಹೊಗೆಯನ್ನು ಮೂಗಿನತ್ತ ಬೀಸಿಕೊಳ್ಳುತ್ತಾರೆ.

“ಒಗ್ಗರಣೆ ಸೀದಂಗೈತೆ. ಎಣ್ಣೆನೇ ಉರೀತಿರೋದು.”

ಜಯಪ್ರಕಾಶರ ಮುಖ ಸಪ್ಪಗಾಗುತ್ತದೆ. ಚೇಳೂರಿನ ಕಡೆಯಿಂದ ಹನ್ನೊಂದು ಮಕ್ಕಳನ್ನು ದಿನವೂ ಗುಬ್ಬಿಗೆ ಕರೆತರುವ ವ್ಯಾನಿದು. ನೆಲಕ್ಕೆ ಒಂದು ಹನಿ ಸೋರದಿದ್ದರೂ ವಾರಕ್ಕೆ ಒಂದು ಲೀಟರ್ ಆಯಿಲ್ ಖಾಲಿಯಾಗುತ್ತಿದೆ. ಎಂಜಿನ್ ಇಳಿಸಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಬೇಕು, ಹದಿನೈದು ದಿನ ಗಾಡಿ ಬಿಟ್ಟುಹೋಗಿ ಎಂದು ತುಮಕೂರಿನ ಗ್ಯಾರೇಜೊಂದರಲ್ಲಿ ಹೇಳಿದ್ದಾರೆ. ಮಕ್ಕಳಿಗೆ ಸೋಮವಾರದಿಂದ ಪರೀಕ್ಷೆ.

ಶಿವರಾಮಯ್ಯನವರಿಗೆ ಅವಸರವಿಲ್ಲ. ಎಂಜಿನ್ ಬಿಸಿಯಾಗಲು ಬಿಟ್ಟು, ಆಮೇಲೆ ಆಕ್ಸಿಲರೇಟರ್ ಜೋರಾಗಿ ಒತ್ತಿಸುತ್ತಾರೆ. “ಈಗ ನೋಡೇ,” ಎಂದು ಹೆಂಡತಿಗೆ ಹೇಳುತ್ತಾರೆ. ಗಂಗಲಕ್ಷ್ಮಮ್ಮ ಮತ್ತೆ ಬಗ್ಗುತ್ತಾರೆ. ಒಂದಲ್ಲ, ಮೂರು ಸಲ ಮೂಸುತ್ತಾರೆ. “ಈಗಿಲ್ಲ ಕಣ್ರೀ. ವಾಸ್ನೆ ಹೋಯ್ತು.”

ಈ ದಂಪತಿಯ ಕೆಲಸ ಹೀಗೆ ನಡೆಯತೊಡಗಿ ನಾಲ್ಕು ವರ್ಷ. ಅದಕ್ಕೂ ಮೊದಲು ಮೂಸುವ ಕೆಲಸ ಶಿವರಾಮಯ್ಯನವರದೇ ಆಗಿತ್ತು. ಒಂದು ಕೆಟ್ಟ ಜ್ವರ ಬಂತು, ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡುಹೋಯಿತು. ಅವರು ಮನೆಯಲ್ಲಿ ಸಹ ಬಾಯಿ ಬಿಡಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಬಂದ ಲಗೇಜ್ ಆಟೊದ ಹೊಗೆ ನೋಡಿ, ಆಯಿಲ್ ಉರಿಯುತ್ತಿದೆ ಎಂದು ಎಂಜಿನ್ನನ್ನೇ ಬಿಚ್ಚಿ ಹರಡಿಬಿಟ್ಟರು. ಒಳಗೆಲ್ಲ ಸರಿಯಾಗಿತ್ತು. ಏರ್ ಫಿಲ್ಟರ್ ಕಟ್ಟಿಕೊಂಡು ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿತ್ತು, ಅಷ್ಟೇ.

“ಚಳೀಲಿ ಎಲ್ಲಾ ಹೊಗೆನೂ ಬೆಳ್ಳಗೇ ಕಾಣ್ತದೆ. ಕಣ್ಣು ಮೋಸ ಮಾಡ್ತದೆ ಸಾರ್, ಮೂಗು ಮಾಡಲ್ಲ. ನಂಗೆ ಮೂಗೇ ಇರ್ನಿಲ್ಲ,” ಎನ್ನುತ್ತಾರೆ. ಆ ಆಟೊ ನೆನೆದರೆ ಅವರಿಗೆ ಈಗಲೂ ನಾಚಿಕೆ. ಅದನ್ನು ಜೋಡಿಸಿ ಕೊಟ್ಟು ಶೆಡ್ಡಿಗೆ ಬೀಗ ಹಾಕಿ, ಎಂಟು ದಿನ ಮನೆಯಲ್ಲಿ ಕೂತಿದ್ದರಂತೆ.

ಮೂಸುವ ಕೆಲಸ ಇನ್ನು ತನಗಿರಲಿ ಎಂದು ಬೀಗ ತೆಗೆಸಿದ್ದು ಗಂಗಲಕ್ಷ್ಮಮ್ಮ. ಗ್ಯಾರೇಜಿನ ಬಟ್ಟೆ ಒಗೆದು ಒಗೆದು ಅವರಿಗೆ ಎಲ್ಲ ವಾಸನೆಯೂ ಪಾಠವಾಗಿತ್ತು. ಆಯಿಲ್ ಉರಿದರೆ ಸೀದ ಒಗ್ಗರಣೆ, ಎಂಜಿನ್ ತಂಪಾಗಿಡುವ ಕೂಲೆಂಟ್ ಉರಿದರೆ ಬೆಲ್ಲದ ಪಾಕ, ಪೆಟ್ರೋಲ್ ಹೆಚ್ಚಾದರೆ ಕಣ್ಣುರಿ. “ಅವತ್ತು ಇವ್ರ ಅಂಗಿ ನೆನೆಹಾಕ್ದಾಗ್ಲೇ ಗೊತ್ತಾಯ್ತು, ಬರೀ ಪೆಟ್ರೋಲ್ ನಾತ. ಕೇಳಿದ್ರೆ ಹೇಳ್ತಿದ್ದೆ. ಇವ್ರು ಎಲ್ಲಿ ಕೇಳ್ತಾರೆ?” ಎಂದು ಗಂಡನತ್ತ ಓರೆನೋಟ ಬೀರುತ್ತಾರೆ. ಶಿವರಾಮಯ್ಯ ಸ್ಪ್ಯಾನರ್ ಎತ್ತಿಕೊಂಡು ವ್ಯಾನಿನತ್ತ ತಿರುಗುತ್ತಾರೆ.

ಈಗ ವಾರಕ್ಕೆ ಹತ್ತು ಹನ್ನೆರಡು ಗಾಡಿಗಳು ಊರ್ಡಿಗೆರೆಯಷ್ಟು ದೂರದಿಂದಲೂ ಬರುತ್ತವೆ. ಹಿಂದಿನ ಸಂಜೆಯೇ ತಂದು ನಿಲ್ಲಿಸಬೇಕು, ಬೆಳಿಗ್ಗೆ ಇವರೆದುರೇ ಸ್ಟಾರ್ಟ್ ಮಾಡಬೇಕು. ಅದೊಂದೇ ಷರತ್ತು. ಅಷ್ಟು ಗಾಡಿಗಳಲ್ಲಿ ಎಂಜಿನ್ ಬಿಚ್ಚಲೇಬೇಕಾಗಿ ಬರುವುದು ಎರಡೋ ಮೂರೋ. ಬಿಚ್ಚದೆ ಉಳಿಸಿದ್ದನ್ನು ಹೇಳುವಾಗ ಶಿವರಾಮಯ್ಯನವರ ದನಿ ಏರುತ್ತದೆ.

ವ್ಯಾನಿನ ಮೂರು ಸ್ಪಾರ್ಕ್ ಪ್ಲಗ್ಗುಗಳು ಹೊರಬಂದಿವೆ. ಎರಡು ಶುಭ್ರವಾಗಿವೆ, ಒಂದರ ತುದಿಗೆ ಮಾತ್ರ ತಳ ಹತ್ತಿದ ಪಾತ್ರೆಯ ಹಾಗೆ ಕಪ್ಪು ಕಾರ್ಬನ್ ಗಟ್ಟಿಯಾಗಿ ಕೂತಿದೆ. ಶಿವರಾಮಯ್ಯ ಅದನ್ನು ಉಗುರಿನಿಂದ ಕೆರೆದು ತೋರಿಸುತ್ತಾರೆ.

“ಪಿಸ್ಟನ್ ರಿಂಗ್ ಸವೆದ್ಹೋಗಿದ್ರೆ ಒತ್ತಿದಂಗೆಲ್ಲ ಹೊಗೆ ಜಾಸ್ತಿ ಆಗ್ತಿತ್ತು. ಇದು ರಾತ್ರಿಯೆಲ್ಲ ವಾಲ್ವ್ ಸೀಲಲ್ಲಿ ಎಣ್ಣೆ ಜಿನುಗಿ ಒಳಗಿಳ್ದು, ಬೆಳಿಗ್ಗೆ ಒಂದ್ಸಲ ಉರಿದು ಹೋಗ್ತೈತೆ. ಎಂಜಿನ್ ಇಳ್ಸೋದೇನೂ ಬೇಡಪ್ಪ. ಸೀಲ್ ಹಾಕ್ಕೊಡ್ತೀನಿ, ನಾಳೆ ಸಂಜೆ ಬಂದು ತಗೊಂಡ್ಹೋಗು.”

ಜಯಪ್ರಕಾಶ್ ಕೈಮುಗಿಯುವುದು ಯಾರಿಗೆಂದು ಗೊತ್ತಾಗದೆ, ಇಬ್ಬರಿಗೂ ಮುಗಿಯುತ್ತಾರೆ.

ಶೆಡ್ಡಿನ ಬೋರ್ಡಿನಲ್ಲಿ ಇರುವುದು ಶಿವರಾಮಯ್ಯನವರ ಹೆಸರೊಂದೇ. ಹೆಂಡತಿಯದನ್ನೂ ಬರೆಸಲು ಅವರು ಹೊರಟಿದ್ದರು. ಆಕೆ ಒಪ್ಪಲಿಲ್ಲ. “ನಂಗ್ಯಾಕೆ ಬೋರ್ಡು? ಇವ್ರ ಮೂಗು ವಾಪಸ್ ಬಂದ್ರೆ ಸಾಕು. ಅವತ್ತಿಂದ ಬೆಳಿಗ್ಗೆ ಏಳು ಗಂಟೆವರ್ಗೂ ಮಲಗ್ತೀನಿ,” ಎಂದು ನಕ್ಕು, ಕಾಫಿ ತರಲು ಪಕ್ಕದಲ್ಲೇ ಇರುವ ತಮ್ಮ ಮನೆಯೊಳಕ್ಕೆ ಹೋಗುತ್ತಾರೆ.

ಡಾಕ್ಟರು ಇನ್ನೂ ಆಸೆ ಬಿಟ್ಟಿಲ್ಲವಂತೆ. ನಿಜವಾಗಿಯೂ ವಾಸನೆ ತಿರುಗಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಶಿವರಾಮಯ್ಯ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಕೈ ಒರೆಸಿಕೊಳ್ಳುತ್ತಾ ದನಿ ತಗ್ಗಿಸುತ್ತಾರೆ.

“ಬಂದ್ರೂ ಹೇಳಲ್ಲ ಬುಡಿ ಸಾರ್. ಹೇಳಿದ್ರೆ ಇವ್ಳು ಇಲ್ಲಿಗೆ ಬರೋದು ನಿಲ್ಲಿಸ್ಬುಡ್ತಾಳೆ.”